ಎರಡನೆಯ ತೂತು

ಬೊಹಿಕೋನಿನ ಲಾರಿ ನಿಲ್ದಾಣದ ಹಿಂದೆ ನನ್ನ ಗ್ಯಾರೇಜು:
ನಾಲ್ಕು ಕಂಬ, ಒಂದು ತಗಡು, ಪಕ್ಕದವರ ಮಾವಿನ ನೆರಳು.
ಜಿಮೋ ಬೈಕು ತಳ್ಳಿಕೊಂಡೇ ಬಂದ.
ಬಾಡಿಗೆ ಸವಾರನ ಅಂಗಿ ಬೆನ್ನಿಗೆ ಅಂಟಿ
ಅದರ ಮೇಲಿನ ನಂಬರು ಮುದುಡಿತ್ತು.

"ಹನ್ನೆರಡು ಕಿಲೋಮೀಟರು," ಅಂದ.
"ಆಮೇಲೆ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ,
ಪ್ರತಿ ಸಲ ಅದೇ ಹತ್ತಿ ಗೋದಾಮಿನ ಮುಂದೆ.
ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಬಿಟ್ಟರೆ
ಏನೂ ಆಗದವರ ಹಾಗೆ ಹೊರಡುತ್ತದೆ."

ಪ್ಲಗ್ಗು ಬದಲಿಸಿದ್ದಾನೆ.
ಕಾರ್ಬ್ಯುರೇಟರು ಬದಲಿಸಿದ್ದಾನೆ, ಮೂರು ಕಂತಿನಲ್ಲಿ.
ಸೀಸೆಗಳಲ್ಲಿ ಪೆಟ್ರೋಲು ಮಾರುವ ಮುದುಕಿಯ ಹತ್ತಿರ
ನೀರು ಬೆರೆಸಿದ್ದೀಯೆಂದು ಜಗಳ ತೆಗೆದು
ಅವಳ ಏಳು ತಲೆಮಾರಿನ ಆಣೆ ಕೇಳಿಸಿಕೊಂಡಿದ್ದಾನೆ.
ಗೋದಾಮಿನ ಮುಂದೆ ಯಾರೋ ಏನೋ ಹೂತಿದ್ದಾರೆಂದು
ಅವನ ಅತ್ತಿಗೆಯ ಗುಮಾನಿ.

ನಾನು ಟ್ಯಾಂಕಿನ ಮುಚ್ಚಳ ತಿರುಗಿಸಿದೆ.
ಸುಂಯ್ —
ಕೆರೆಯಲ್ಲಿ ಮುಳುಗು ಹಾಕಿದವನು
ಕೊನೆಗೂ ತಲೆ ಎತ್ತಿದ ಸದ್ದು.
"ಒಳಗೆ ಯಾರಿದ್ದಾರೆ?" ಶಿಷ್ಯೆ ಫಿಫಾಮೆ ನಕ್ಕಳು.
ಯಾರೂ ಇಲ್ಲ. ಅದೇ ತೊಂದರೆ.

"ಚಹಾದಂಗಡಿಯ ಗಟ್ಟಿಹಾಲಿನ ಡಬ್ಬಿ ನೋಡಿದ್ದೀಯಲ್ಲ,
ಮೊಳೆಯಲ್ಲಿ ಎರಡು ತೂತು ಹೊಡೆಯುತ್ತಾರೆ.
ಒಂದರಿಂದ ಹಾಲು ಬರುತ್ತದೆ. ಇನ್ನೊಂದರಿಂದ?"
ಜಿಮೋ ಯೋಚಿಸಿದ. "ಏನೂ ಬರುವುದಿಲ್ಲ."
"ಬರುವುದಿಲ್ಲ, ಹೋಗುತ್ತದೆ. ಗಾಳಿ.
ಅದರ ಮೇಲೆ ಬೆರಳಿಟ್ಟು ನೋಡು:
ಒಂದು ತೊಟ್ಟು, ಅರ್ಧ ತೊಟ್ಟು,
ಆಮೇಲೆ ಹಾಲು ಹೊಸ್ತಿಲಲ್ಲೇ ನಿಂತುಬಿಡುತ್ತದೆ.
ಎಂಜಿನ್ನು ಕುಡಿದು ಬರಿದಾದ ಜಾಗಕ್ಕೆ
ಗಾಳಿ ಬಂದು ಕೂರಬೇಕು, ಜಿಮೋ.
ಇಲ್ಲವಾದರೆ ಅರ್ಧ ಟ್ಯಾಂಕು ಹೊತ್ತುಕೊಂಡೇ
ಬೈಕು ಬಾಯಾರಿ ಸಾಯುತ್ತದೆ."

ಮುಚ್ಚಳದಿಂದ ಕೆಳಗಿಳಿಯುವ ಸಣ್ಣ ರಬ್ಬರು ನಳಿಗೆ
ಎಳೆದು, ಬಾಗಿಸಿ, ತಂತಿ ತೂರಿಸಿದೆ.
ತುದಿಯಲ್ಲಿ ಗಟ್ಟಿ. ಕೆಂಪು ಮಣ್ಣು.
ಒಡೆದರೆ ಒಳಗೆ ಮೂರು ಜೇಡ,
ಸತ್ತಿಲ್ಲ, ಬದುಕಿಯೂ ಇಲ್ಲ,
ನಡುವೆ ಅಕ್ಕಿಕಾಳಿನಂಥ ಒಂದು ಮರಿಹುಳ.
ಜಿಮೋ ಜ್ವರ ಬಂದು ಹತ್ತು ದಿನ ಮಲಗಿದ್ದಾಗ
ಕುಂಬಾರಹುಳಕ್ಕೆ ಈ ನಳಿಗೆ
ಬಾಡಿಗೆಯಿಲ್ಲದ ಬಾಣಂತಿಕೋಣೆ.

ಆಮೇಲೆ ಅವನ ಪ್ರಶ್ನೆಗಳು.
ಮುಚ್ಚಳ ಸಡಿಲ ಬಿಟ್ಟು ಓಡಿಸಲೇ?
ಬೇಡ. ಮಳೆ ಒಳಗೆ ಹೋಗುತ್ತದೆ, ಪೆಟ್ರೋಲು ನಿನ್ನ ತೊಡೆಗೆ.
ಕಂಠಮಟ್ಟ ತುಂಬಿಸಲೇ, ಸೀಸೆ ಅಗ್ಗವಾದ ದಿನ?
ಬೇಡ. ಮಧ್ಯಾಹ್ನದ ಬಿಸಿಲಿಗೆ ಅದು ಉಬ್ಬಿ
ಇದೇ ನಳಿಗೆಯಲ್ಲಿ ಸೋರುತ್ತದೆ.
ಎರಡು ಬೆರಳು ಜಾಗ ಬಿಡು,
ತುದಿ ಸೈಲೆನ್ಸರಿನ ಕಡೆ ತಿರುಗದ ಹಾಗೆ ಕಟ್ಟು.

ಹಣ ಎಣಿಸುತ್ತ ದನಿ ತಗ್ಗಿಸಿದ:
"ರಾತ್ರಿ ಬೈಕು ಕೋಣೆಯೊಳಗೇ ಇರುತ್ತದೆ. ಕಳ್ಳರ ಕಾಟ.
ಮೊದಲೆಲ್ಲ ಪೆಟ್ರೋಲಿನ ವಾಸನೆಗೆ ಮಗು ಎದ್ದು ಅಳುತ್ತಿತ್ತು.
ಈ ತಿಂಗಳು ವಾಸನೆಯೇ ಇಲ್ಲ.
ದೇವರು ಕಣ್ಣು ಬಿಟ್ಟ ಅಂದುಕೊಂಡಿದ್ದೆ."

ದೇವರಲ್ಲ, ಹುಳ.
"ಇವತ್ತಿನಿಂದ ಮತ್ತೆ ಬರುತ್ತದೆ," ಅಂದೆ.
"ಕೋಣೆಯಲ್ಲಿ ದೀಪ ಯಾವುದು?"
"ಸೀಮೆಎಣ್ಣೆಯದು."
"ಹೊರಗಿಡು. ದೀಪ ಹೊರಗೆ, ಇಲ್ಲ ಬೈಕು ಹೊರಗೆ."
ಅವನು ತಲೆಯಾಡಿಸಿದ,
ಹೌದೋ ಅಲ್ಲವೋ ತಿಳಿಯಲಿಲ್ಲ.
ಆ ಕೋಣೆಗೆ ಹೊಂದುವ ಸ್ಪ್ಯಾನರು
ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ.

ಕತ್ತಲಾಗುವ ಹೊತ್ತಿಗೆ ಫೋನು.
ಗಾಳಿಯ ಭೋರು, ಹಾರ್ನು, ಅವನ ಕೇಕೆ:
"ಗೋದಾಮು ದಾಟಿದೆ! ದಾಟಿ ಇನ್ನೂ ಹೋಗುತ್ತಿದೆ!"
"ಜಿಮೋ, ದೀಪ —" ಅನ್ನುವಷ್ಟರಲ್ಲಿ
ಅವನ ಫೋನಿನ ದುಡ್ಡು ಮುಗಿದಿತ್ತು.