ಹಗ್ಗ ಮುಟ್ಟಿದವರ ಪಾಲು

ಬಾಟಲಿಯ ಮೇಲೆ ಹೆಸರಿಲ್ಲ, ನಂಬರು ಮಾತ್ರ.
ಒಳಗಿರುವುದು ಔಷಧವೋ ಬರೀ ಹಿಟ್ಟಿನ ಗುಳಿಗೆಯೋ
ಅಕ್ಕನಿಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ,
ಕೊಟ್ಟ ಡಾಕ್ಟರಿಗೂ ಗೊತ್ತಿಲ್ಲವಂತೆ.
‘ಹಾಂಗಾರೆ ಗೊತ್ತಿದ್ದವರು ಯಾರು?’ ಅಂದಳು ಅಕ್ಕ.
ಕಂಪ್ಯೂಟರು, ಅಂದರು ಅವರು, ನಗದೆ.

ಹದಿನಾಲ್ಕು ವರ್ಷ ಕಂಡಕ್ಟರು ನನ್ನಕ್ಕ ಸುಲಕ್ಷಾ,
ಕಾರವಾರ–ಅಂಕೋಲೆ. ಬಿಣಗಾ ಘಾಟಿನ ತಿರುವಿನಲ್ಲೂ
ಕಂಬಿ ಹಿಡಿಯದೆ ನಿಂತು ಚಿಲ್ಲರೆ ಎಣಿಸಿದವಳು.
ಒಂದು ದಿನ ನಿಂತ ಬಸ್ಸೇ ಓಲಾಡಿತು.
ಅವರ್ಸಾದಲ್ಲಿ ಹತ್ತಿದ ಮುದುಕನೊಬ್ಬ ಮೂಗು ಮುಂದೆ ತಂದು
ಮೂಸಿದ. ಹೆಂಗಸು, ಮೈಮೇಲೆ ಖಾಕಿ, ಹಗಲು ಹನ್ನೊಂದಕ್ಕೆ!
ಡಿಪೋದಿಂದ ಮೆಮೋ ಬಂತು: ಕಾರಣ ತಿಳಿಸಿ.

ಕಾರಣ, ಸಿರಿಂಜಿನಲ್ಲಿ ಮಂಗಳೂರಿಗೆ ಹೋಗಿ
ಆರು ವಾರಕ್ಕೆ ಕಾಗದವಾಗಿ ಬಂತು:
ಮಿದುಳಿನ ಹಿಂಬದಿ, ಮುಷ್ಟಿಯಷ್ಟು ಜಾಗ,
ಸವೆಯುತ್ತಿದೆ. ಅಪ್ಪನ ಕಡೆಯಿಂದ ಬಂದದ್ದು.

ಅಪ್ಪ!
ಮಾಜಾಳಿಯ ಮರಳಿನಲ್ಲಿ ತೂರಾಡಿ ನಡೆದು
ಕುಡುಕ ಪುರ್ಸು ಅನ್ನಿಸಿಕೊಂಡೇ ಸತ್ತವನು,
ಹಬ್ಬಕ್ಕೂ ಒಂದು ತೊಟ್ಟು ಮುಟ್ಟದವನು.
ಆಯಿ ಕೂಡ ರಾತ್ರಿ ಅವನ ಅಂಗಿ ಮೂಸುತ್ತಿದ್ದಳು.
ಕಾಗದ ಓದಿ ಹೇಳಿದ ದಿನ
ಅವನ ಫೋಟೋದ ಗಾಜು ಸೆರಗಿನಲ್ಲಿ ಒರೆಸಿದಳು, ಒರೆಸಿದಳು,
ಊಟಕ್ಕೆ ಏಳಲಿಲ್ಲ.

ತಿಂಗಳಿಗೊಮ್ಮೆ ರೈಲು. ಅಲ್ಲಿ ಪರೀಕ್ಷೆ.
ಗೆರೆಯ ಮೇಲೆ ಹತ್ತು ಹೆಜ್ಜೆ. ಮೂಗು ಮುಟ್ಟಿ ಅವರ ಬೆರಳು ಮುಟ್ಟಬೇಕು.
ಆಮೇಲೆ ಒಂದು ಸುರುಳಿ, ಗೆರೆಗೆ ಗೆರೆ ತಾಗದಂತೆ.
ಜೂನಿನದು ಸುತ್ತಿಟ್ಟ ಹಗ್ಗ.
ಸಪ್ಟೆಂಬರಿನದು ನಾಯಿ ಎಳೆದಾಡಿದ ಬಲೆ.
ನವೆಂಬರಿನದನ್ನು ಕಿಟಕಿಯ ಬೆಳಕಿಗೆ ಹಿಡಿದೆ:
ಚೂರು ಸುಧಾರಿಸಿಲ್ಲವೆ?
ನರ್ಸು ಕೈಯಿಂದ ತೆಗೆದುಕೊಂಡಳು. ಹಾಗೆಲ್ಲ ನೋಡಬಾರದಂತೆ.

ಉಳಿದ ಗುಳಿಗೆ ಎಣಿಸಿ ವಾಪಸು ಕೊಡುವಾಗ ಮಾತ್ರ
ಅಕ್ಕ ಈಗಲೂ ಕಂಡಕ್ಟರೇ. ಲೆಕ್ಕ ತಪ್ಪುವುದಿಲ್ಲ.

‘ಹಿಟ್ಟೇ ಆಗಿದ್ದರೆ?’ ಅಂದೆ,
ಕಾಳಿ ಸೇತುವೆ ದಾಟುವಾಗ, ಆಟೋದಲ್ಲಿ.
ಅವಳ ಮಾತೀಗ ಒಂದೊಂದೇ ತುಂಡು,
ಮಶೀನಿನಿಂದ ಟಿಕೆಟು ಹರಿದಂತೆ:
‘ರಂಪಣಿ... ಎಳೀವಾಗ...
ಒಳಗೆ ಏನಿತ್ತು ಅಂತ... ಯಾರು ಕಂಡಿದ್ರು?’

ಇಡೀ ಕೇರಿ ಎಳೆಯುತ್ತಿತ್ತು. ನಾವಿಬ್ಬರು ಚಿಕ್ಕವರು
ಹಗ್ಗದ ಕೊನೆಗೆ ಸುಮ್ಮನೆ ಜೋತುಬಿದ್ದವರು.
ಮುಟ್ಟಿದವರಿಗೆಲ್ಲ ಪಾಲುಂಟು ಎಂದು ಅಪ್ಪ
ನಮ್ಮ ಫ್ರಾಕಿನ ಮಡಿಲಿಗೂ ಬಂಗಡೆ ಹಾಕುತ್ತಿದ್ದ.
ಕೆಲವು ದಿನ ಬಲೆ ತುಂಬ ಬರೀ ಲೋಳೆ, ಕಸ.
ಆವತ್ತೂ ಅಂಗೈ ಉರಿಯುತ್ತಿತ್ತು, ಅಷ್ಟೇ ಉರಿಯುತ್ತಿತ್ತು.

ನನ್ನ ರಕ್ತ ನಾನಿನ್ನೂ ಕೊಟ್ಟಿಲ್ಲ.
ಫಾರಂ ಬ್ಯಾಗಿನಲ್ಲಿದೆ, ಮಡಿಕೆ ಹರಿಯುತ್ತ ಬಂದಿದೆ.
ರಾತ್ರಿ ಅವಳು ಮಲಗಿದ ಮೇಲೆ
ಹಳೆಯ ಟಿಕೆಟ್ ರೋಲಿನ ಬೆನ್ನಿಗೆ ಸುರುಳಿ ಬಿಡಿಸುತ್ತೇನೆ.
ಗೆರೆಗೆ ಗೆರೆ ತಾಗಿಲ್ಲ.
ತಾಗಿಲ್ಲ ಅನಿಸುತ್ತದೆ.
ದೀಪ ಹತ್ತಿರ ತರುತ್ತೇನೆ.