ನಾಲ್ಕನೆಯ ಗೆರೆ

ಬಾಲರಾಜ್ ಅರಸ್ ರಸ್ತೆಯ ಕೋರ್ಟಿಗೆ ನಾನು ಹೋಗುತ್ತಿದ್ದದ್ದು
ವಕಾಲತ್ತಿನ ಫಾರಂ ಕಟ್ಟು ಕಟ್ಟಿ ಕೊಡಲಿಕ್ಕೆ.
ಈ ಸಲ ಸಾಕ್ಷಿ.
ಬೆರಳ ಸಂದಿಯ ಮಸಿಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ
ಮಗಳ ಮದುವೆಗೆ ಹೊಲಿಸಿದ ಕೋಟು ತೊಟ್ಟು
ಕಟಕಟೆಯಲ್ಲಿ ನಿಂತೆ.

ದಾವೆ ಒಂದು ಅಳಿಲಿನದು.
ವಾದಿ, ತೀರ್ಥಹಳ್ಳಿಯ ಸುಲೋಚನಾ ಪ್ರಭು:
ಮೂವತ್ತು ವರ್ಷದಿಂದ ಅಳಿಲು ಮಾರ್ಕ್ ಹಲಸಿನ ಹಪ್ಪಳ.
ಪ್ರತಿವಾದಿ, ಮಾಚೇನಹಳ್ಳಿಯ ವೃಷಭೇಂದ್ರಯ್ಯ ಅಂಡ್ ಸನ್ಸ್.
ಹೆಸರು ಬೇರೆ, ಬಣ್ಣ ಬೇರೆ, ಖಾರ ಕೂಡ ಬೇರೆ;
ಪೊಟ್ಟಣದ ಮೇಲೆ ಕೂತ ಜೀವ ಮಾತ್ರ ಅದೇ,
ಮುಂಗಾಲಲ್ಲಿ ತೊಳೆ ಹಿಡಿದು
ಬಾಲವನ್ನು ಪ್ರಶ್ನೆಯ ಹಾಗೆ ಎತ್ತಿಕೊಂಡು.

"ಸನಾವುಲ್ಲಾ ಸಾಬ್ರೇ, ಎರಡೂ ನಿಮ್ಮ ದುರ್ಗಿಗುಡಿ ಪ್ರೆಸ್ಸಿನವೇ?"
ಹೌದು.
"ಎರಡನೆಯದು ಬಂದಾಗ ಗುರುತು ಸಿಗಲಿಲ್ಲವೇ?"
ಗೋಡೆಯ ಫ್ಯಾನು ಆ ಕಡೆ ಹೋಗಿ
ಈ ಕಡೆ ತಿರುಗುವವರೆಗೆ ಸುಮ್ಮನಿದ್ದೆ.
ಹತ್ತು ಸಾವಿರ ಪ್ರತಿಯ ಆರ್ಡರು. ಆಫ್‌ಸೆಟ್ ಮಶೀನಿನ ಕಂತು.
"ಸಿಕ್ಕಿತ್ತು," ಅಂದೆ.
ಟೈಪಿನ ಹುಡುಗಿ ಟಕಟಕ ಕುಟ್ಟಿಕೊಂಡಳು.
ಊರವರ ಮಾತನ್ನೆಲ್ಲ ಅಚ್ಚು ಹಾಕಿದ ನನಗೆ
ನನ್ನ ಮಾತು ಅಚ್ಚಾದದ್ದು ಅದೇ ಮೊದಲು.

ಪ್ರತಿವಾದಿ ವಕೀಲರು ಬೆಂಗಳೂರಿನಿಂದ, ಪರದೆಯ ಮೇಲೆ.
"ಅಳಿಲು ಅಂದರೆ ಅಳಿಲು, ಮಾನ್ಯರೇ,
ದೇವರು ಮಾಡಿದ್ದಕ್ಕೆ ಇವರು ಹೇಗೆ..."
ಅಲ್ಲಿಗೆ ನೆಟ್‌ವರ್ಕ್ ನಿಂತು, ಬಾಯಿ ತೆರೆದ ಚಿತ್ರವಾದರು.
ಅಷ್ಟರಲ್ಲಿ ನ್ಯಾಯಾಧೀಶೆ ಕನ್ನಡಕ ಏರಿಸಿ
ಎರಡೂ ಪೊಟ್ಟಣದ ಬೆನ್ನಿನ ಗೆರೆ ಎಣಿಸುತ್ತಿದ್ದರು.

ಶ್ರೀರಾಮ ನೇವರಿಸಿದ್ದು ಮೂರು ಬೆರಳಲ್ಲಿ,
ಅದು ನಮ್ಮ ಮೊಹಲ್ಲಾದ ಮಕ್ಕಳಿಗೂ ಗೊತ್ತು.
ಇಲ್ಲಿ ನಾಲ್ಕು.
ಅಲ್ಲೂ ನಾಲ್ಕು.

ಆ ನಾಲ್ಕನೆಯದು ನನ್ನದು.
ಹುಬ್ಬಳ್ಳಿಯಿಂದ ಸತುವಿನ ಬ್ಲಾಕು ಬಂದ ರಾತ್ರಿ
ಕಟ್ಟಿದ ಮಸಿ ಕೆದಕಲು ಹೋಗಿ ಮೊಳೆ ಜಾರಿ ಬಿದ್ದ ಗೀರು.
ನಕಲನ್ನು ಹಿಡಿದುಕೊಟ್ಟದ್ದು ಪೊಲೀಸಲ್ಲ, ನನ್ನ ಕೈ ನಡುಕ.

"ಹಾಗಾದರೆ ಬರೆದವರು ಯಾರು?"
ಪರಶುರಾಮ ಗುಡಿಗಾರ, ಸೊರಬದ ಕಡೆಯವ,
ಗಂಧದ ಕೆಲಸ ಸಿಗದ ದಿನಗಳಲ್ಲಿ ನನ್ನ ಮಹಡಿಯ ಮೇಲೆ ಮಲಗುತ್ತಿದ್ದ.
ಬಿಲ್ ಬುಕ್ಕಿನ ಕಾರ್ಬನ್ ಹಾಳೆಯಲ್ಲಿ ಉಳಿದದ್ದು ಇಷ್ಟೇ:
ಅಳಿಲು ಒಂದು, ನಲವತ್ತು ರೂಪಾಯಿ.
ಹಕ್ಕು ಬರೆದುಕೊಟ್ಟ ಪತ್ರವಿಲ್ಲ, ಸಹಿಯಿಲ್ಲ.
ಎರಡೂ ಕಡೆಯ ವಕೀಲರು ಒಟ್ಟಿಗೆ ಕೂತರು.
ಕಾಯಿದೆ ಅನ್ನುತ್ತದಂತೆ,
ಬರೆದವನು ಸತ್ತ ಮೇಲೂ ಅರವತ್ತು ವರ್ಷ ಚಿತ್ರ ಅವನದೇ.
ಅವನು ಬದುಕಿದ್ದೇ ಐವತ್ತೊಂದು.

ಮುಂದಿನ ವಾಯಿದೆಗೆ ಮಗಳು ಬಂದಳು, ಮಾಲಿನಿ,
ಮೆಗ್ಗಾನ್ ಆಸ್ಪತ್ರೆಯ ನರ್ಸ್, ರಾತ್ರಿ ಪಾಳಿ ಮುಗಿಸಿ
ಕೆಂಪು ಕಣ್ಣಲ್ಲಿ, ಕೈಯಲ್ಲಿ ನೋಟೀಸು.
ವರಾಂಡದ ಬೆಂಚಿನ ಮೇಲೆ ಎರಡೂ ಪೊಟ್ಟಣ ಇಟ್ಟುಕೊಂಡು
ತುಂಬ ಹೊತ್ತು ನೋಡಿ ನಕ್ಕಳು.
"ಸಾಬ್ರೇ, ಇದು ಅಳಿಲೇ ಅಲ್ಲ.
ನಮ್ಮನೆ ಬೆಕ್ಕು. ಹೀಗೇ ಕೂತು ಮೀನಿನ ತಲೆ ಹಿಡಿಯೋದು.
ಅಪ್ಪ ಬಾಲ ತಿದ್ದಿ ಗೆರೆ ಎಳೆದದ್ದು ನಾನೇ ನೋಡಿದ್ದೆ."
ಒಳಗೆ ಹೆಸರು ಕೂಗಿದರು.
ಬೆಕ್ಕಿನ ವಿಷಯ ಯಾರೂ ಕೇಳಲಿಲ್ಲ,
ಅವಳೂ ಹೇಳಲಿಲ್ಲ.

ಈಗ ತಡೆಯಾಜ್ಞೆ. ಇಬ್ಬರಿಗೂ.
ರಾಜಿಗೆ ಕೂರಿಸಿದ್ದಾರೆ, ಹಾಜರಾತಿ ಪುಸ್ತಕ ತುಂಬುತ್ತಿದೆ.
ನಿನ್ನೆ ಸುಲೋಚನಮ್ಮ ಫೋನು ಮಾಡಿದರು:
ಸದ್ಯಕ್ಕೆ ಬರೀ ಹಲಸು ಸಾಕು, ಐದು ಸಾವಿರ.
ವೃಷಭೇಂದ್ರಯ್ಯನವರೂ ಮಾಡಿದರು. ಅವರಿಗೂ ಬರೀ ಹಲಸು.
ಕಂಪ್ಯೂಟರಿನ ಹುಡುಗ ಬಿಳಿ ಜಾಗ ತೋರಿಸಿ
ಇಲ್ಲೇನಾದರೂ ಕೂರಿಸಲಾ ಅಂದ.
ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ,
ಅವನು ಹೋದದ್ದು ಒಂಬತ್ತರಲ್ಲಿ, ಅರವತ್ತು ಕೂಡಿಸು.
"ಎರಡು ಸಾವಿರದ ಎಪ್ಪತ್ತಕ್ಕೆ ನೆನಪು ಮಾಡು," ಅಂದೆ.
ಅವನು ಬರೆದಿಟ್ಟುಕೊಂಡ, ಪೆದ್ದ.