ಎಡಗಡೆಗೆ, ಮಧ್ಯಮ ಅಳತೆ

ಈ ದಾವಣಗೆರೆಯಲ್ಲಿ ಏನು ಬೇಕಾದರೂ ಕೇಳಬಹುದು.
ಯಾವ ಹೋಟೆಲಿನ ದೋಸೆಗೆ ಬೆಣ್ಣೆ ಬೆಣ್ಣೆಯ ಹಾಗಿದೆ,
ಯಾವ ಭಟ್ಟಿಯ ಮಂಡಕ್ಕಿಯಲ್ಲಿ ಮರಳು ಉಳಿದಿರುತ್ತದೆ,
ಚೌಕಿಪೇಟೆಯಲ್ಲಿ ಯಾರ ತಕ್ಕಡಿ ನೆಟ್ಟಗಿದೆ.
ಕೇಳಿದರೆ ಸಾಕು, ಆಟೋದವನೂ ಗಾಡಿ ನಿಲ್ಲಿಸಿ ಹೇಳುತ್ತಾನೆ,
ಮೀಟರ್ ಮಾತ್ರ ಹಾಕುವುದಿಲ್ಲ.

ನನ್ನನ್ನೂ ಕೇಳುತ್ತಾರೆ.
ನಿಟ್ಟುವಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ
ಬ್ಲೌಸು ಹೊಲಿಯುವವಳು ನಾನು.
'ಸರ್ವಮಂಗಳಕ್ಕ, ಲೈನಿಂಗಿಗೆ ಯಾವ ಬಟ್ಟೆ ಬಣ್ಣ ಬಿಡಲ್ಲ?'
'ಧಾರೆ ಸೀರೆ ಎಲ್ಲಿ ತಗೊಳ್ಳಲಿ?'
ಹೇಳುತ್ತೇನೆ. ಟೇಪು ಕೊರಳಲ್ಲಿರುವ ತನಕ
ನನ್ನ ಮಾತಿಗೆ ಬೆಲೆ.

ಇದನ್ನು ಮಾತ್ರ ಯಾರನ್ನು ಕೇಳಲಿ?

ಆಸ್ಪತ್ರೆಯಿಂದ ಬಂದು ಎರಡು ತಿಂಗಳು,
ಎಡಗಡೆ ಹೊಲಿಗೆ ಮಾಗಿತ್ತು.
ನನಗಿಂತ ನೀಟಾಗಿ ಹಾಕಿದ್ದಾನೆ ಡಾಕ್ಟರು, ಒಪ್ಪಬೇಕು.
ಸೆರಗು ಎರಡು ಸುತ್ತು ಹೊದ್ದು ಅಂಗಡಿ ತೆರೆದೆ.
ಗಿರಾಕಿಗಳ ಎದೆಯಳತೆ ಬರೆಯುವಾಗ
ಪೆನ್ಸಿಲ್ಲು ಒಮ್ಮೊಮ್ಮೆ ನಿಲ್ಲುತ್ತಿತ್ತು.
ಕರ್ಚೀಫು ಮಡಿಸಿಟ್ಟೆ, ಹೆಗಲ ಕಡೆ ಏರಿತು.
ಹತ್ತಿ ತುಂಬಿದೆ, ಹತ್ತಿಯ ಊರಿನವಳಲ್ಲವೇ,
ಮಧ್ಯಾಹ್ನಕ್ಕೆ ಬೆವರು ಕುಡಿದು ಮುದ್ದೆಯಾಯಿತು.

ರಾತ್ರಿ ಮಷೀನಿಗೆ ಕವರು ಹಾಕಿ, ಶಟರು ಅರ್ಧ ಇಳಿಸಿ
ಫೋನಿನಲ್ಲಿ ಹುಡುಕಿದೆ.
ಇತ್ತು. ಹನ್ನೆರಡು ಥರ ಇತ್ತು.
ತ್ರಿಕೋನದ್ದು, ಹನಿಯಾಕಾರದ್ದು, ಸಿಲಿಕಾನು, ಬಟ್ಟೆಯದು.
ಫೋಟೋದ ಹುಡುಗಿಗೆ ಎರಡೂ ಇದ್ದವು, ನಗುತ್ತಿದ್ದಳು.
'ಆತ್ಮವಿಶ್ವಾಸ ಮರಳಿ ಪಡೆಯಿರಿ' ಅಂತ ಕಂಪನಿಯ ಮಾತು.
ಅಲ್ಲಿಂದ ಬೆರಳು ಕೆಳಗೆಳೆದೆ.

ಅಲ್ಲಿದ್ದರು ಅವರು.

ಐದು ಚುಕ್ಕಿ ಕೊಟ್ಟವಳ ಮಾತು ಎರಡೇ: 'ಸೂಪರ್ ಐಟಂ.'
ನಂಬಲಿಲ್ಲ. ಮಿಕ್ಸಿಗೂ ಹಾಗೇ ಬರೆದಿರುತ್ತಾಳೆ.
ಒಂದು ಚುಕ್ಕಿಯವನು ಗಂಡಸು. ಡಬ್ಬಿ ಒಡೆದು ಬಂತಂತೆ.
ಒಳಗಿನದರ ಬಗ್ಗೆ ಏನೂ ಬರೆದಿಲ್ಲ,
ಹೆಂಡತಿ ಏನೆಂದಳೋ.
ಮೂರು ಚುಕ್ಕಿಯವಳು ಹೆಸರು ಹಾಕಿರಲಿಲ್ಲ,
ಕನ್ನಡದಲ್ಲೇ ಬರೆದಿದ್ದಳು, ಕಾಗುಣಿತ ತಪ್ಪಿ ತಪ್ಪಿ:

'ಹಗುರ ಇದೆ. ಹಗುರ ಇದ್ದರೆ ಆ ಕಡೆ ಭುಜ ಮೇಲೆ ಹೋಗುತ್ತೆ,
ಒಂದು ತಿಂಗಳಿಗೆ ಬೆನ್ನು ನೋವು.
ನಾನು ಹೊಲಿಗೆ ಬಿಚ್ಚಿ ಒಳಗೆ ಒಂದು ಹಿಡಿ ಸಾಸಿವೆ ಹಾಕಿದೆ.
ಈಗ ಸರಿ. ಬಸ್ಸಿನ ನೂಕಾಟಕ್ಕೆ ಭಯ ಇಲ್ಲ.
ಸಿಲಿಕಾನು ಬೇಡ, ನಮ್ಮ ಕಡೆ ಬಿಸಿಲು ಜಾಸ್ತಿ.'

ಅವಳ ಕಡೆ ಯಾವುದೋ. ಚಳ್ಳಕೆರೆಯೋ, ಬಳ್ಳಾರಿಯೋ.
ನಮ್ಮ ಬಿಸಿಲೇ ಇರಬೇಕು.
ಕೆಳಗೆ ಇನ್ನೊಬ್ಬಳು ಕೇಳಿದ್ದಳು: 'ಸಾಸಿವೆ ಮೊಳಕೆ ಬರಲ್ವಾ?'
'ಹುರಿದು ಹಾಕು ತಾಯಿ.'
ಒಬ್ಬಳೇ ನಕ್ಕೆ, ಅರ್ಧ ಶಟರಿನ ಹಿಂದೆ.
ನಾಯಿಯೊಂದು ಬಗ್ಗಿ ನೋಡಿ ಹೋಯಿತು.

ನಾಲ್ಕು ದಿನಕ್ಕೆ ಬಂತು.
ತಂದ ಹುಡುಗ 'ಬಟ್ಟೇನಾ ಅಕ್ಕ?' ಎಂದ.
'ಹೂಂ, ಬಟ್ಟೆ' ಎಂದೆ. ಸುಳ್ಳೇನಲ್ಲ.
ಅಂಚು ಬಿಚ್ಚಿದೆ, ಸಾಸಿವೆ ಹುರಿದೆ.
ಒಂದು ಹಿಡಿ ಎಂದರೆ ಯಾರ ಹಿಡಿ?
ಬಲಗಡೆಯದನ್ನು ಅಂಗೈಯಲ್ಲಿಟ್ಟು ತೂಗಿದೆ.
ಊರ ಹೆಂಗಸರ ಅಳತೆಯೆಲ್ಲ ಬಾಯಿಗೆ ಬರುತ್ತದೆ,
ನನ್ನದರ ತೂಕ ನಲವತ್ತೇಳು ವರ್ಷದಲ್ಲಿ
ಇವತ್ತೇ ನೋಡಿದ್ದು.
ಎರಡು ಹಿಡಿ, ಮೇಲೊಂದು ಚಿಟಿಕೆ.

ಈಗ ನಾನು ಬರೆಯುತ್ತಿದ್ದೇನೆ, ಹೆಸರಿಲ್ಲದೆ:

ನಾಲ್ಕು ಚುಕ್ಕಿ.
ಅಂಚಿನ ಹೊಲಿಗೆ ದೂರ ದೂರ ಇದೆ,
ಮೇಲೊಂದು ಸಾಲು ಓಡಿಸಿಕೊಳ್ಳಿ.
ಬಾರದವರು ಟೈಲರಮ್ಮನ ಹತ್ತಿರ ಕೊಡಿ,
ಕೊಡುವಾಗ ನಾಚಬೇಡಿ, ಅವಳಿಗೂ ಗೊತ್ತಿರಬಹುದು.
ಸಾಸಿವೆಯ ಮಾತು ನಿಜ.
ಒಗೆಯುವ ಮುಂಚೆ ಕಾಳು ತೆಗೆಯಿರಿ.
ನಾನು ಮರೆತೆ,
ಬಚ್ಚಲ ತುಂಬ ಒಗ್ಗರಣೆಯ ವಾಸನೆ.